ಬಾಲ್ಯಕ್ಕೆ ಕಾಯಲು ಬರುವುದಿಲ್ಲ

ಇವತ್ತಿನ ಮಾತು ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ. ನಿಮ್ಮ ತರಗತಿಯಲ್ಲೋ ಶಾಲೆಯ ಬಸ್ಸಿನಲ್ಲೋ ಫಾಸ್ಟರ್ ಕೇರ್‌ನಲ್ಲಿರುವ ಸಹಪಾಠಿ ಒಬ್ಬರು ಇರಬಹುದು. ನಿಮಗದು ಗೊತ್ತಿಲ್ಲದೆಯೂ ಇರಬಹುದು. ಇತ್ತೀಚಿನ ವರ್ಷಗಳಲ್ಲಿ ಯಾವ ದಿನ ಎಣಿಸಿದರೂ ಈ ದೇಶದಲ್ಲಿ ಇಂಥ ಮಕ್ಕಳು 3,00,000ಕ್ಕಿಂತ ಹೆಚ್ಚು. ಇವರಿಗೆ ದಾನಿಗಳು ಸೈಕಲ್ ಕೊಡಿಸುತ್ತಾರೆ, ಈಜು ತರಗತಿಗೆ, ಬೇಸಿಗೆ ಕ್ಯಾಂಪಿಗೆ ದುಡ್ಡು ಕಟ್ಟುತ್ತಾರೆ ಎಂದರೆ ನಮ್ಮ ಹಿರಿಯರಲ್ಲಿ ಕೆಲವರು ಕೇಳುವುದುಂಟು: “ಊಟ ಬಟ್ಟೆಗೆ ಸರ್ಕಾರವೇ ಕೊಡುತ್ತದಲ್ಲ, ಇದೆಲ್ಲ ಯಾಕೆ?” ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕೋಣ.

ಮೊದಲು ಪದವನ್ನು ಬಿಡಿಸಿಕೊಳ್ಳೋಣ. ಮನೆಯಲ್ಲಿ ಫಾಸ್ಟರ್ ಕೇರ್ ಎಂದ ಕೂಡಲೇ “ಅನಾಥಾಶ್ರಮವಾ?” ಅಥವಾ “ದತ್ತು ತಗೊಳ್ಳೋದಾ?” ಎಂಬ ಮಾತು ಬರುತ್ತದೆ. ಎರಡೂ ಅಲ್ಲ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಹೆತ್ತವರಿದ್ದಾರೆ. ಹಿಂಸೆ, ನಿರ್ಲಕ್ಷ್ಯ, ಮಾದಕ ವ್ಯಸನದಂಥ ಕಾರಣಕ್ಕೆ ಮನೆ ಸುರಕ್ಷಿತವಲ್ಲ ಎಂದು ಕಂಡಾಗ ಮಗುವನ್ನು ಸ್ವಲ್ಪ ಕಾಲ ಬೇರೆ ಕಡೆ ಇಡುತ್ತಾರೆ. ಅದು ಅಜ್ಜಿಯ ಮನೆಯಾಗಿರಬಹುದು, ಪರವಾನಗಿ ಪಡೆದ ಅಪರಿಚಿತ ಕುಟುಂಬವಾಗಿರಬಹುದು, ಹಲವು ಮಕ್ಕಳು ಒಟ್ಟಿಗಿರುವ ಗ್ರೂಪ್ ಹೋಂ ಆಗಿರಬಹುದು. ಸಾಮಾನ್ಯವಾಗಿ ಮೊದಲ ಗುರಿ ಮಗುವನ್ನು ತನ್ನ ಮನೆಗೇ ವಾಪಸು ಕಳಿಸುವುದು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹಾಗೆ ಹಿಂದಿರುಗುತ್ತಾರೆ ಕೂಡ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ‘ಸಾಕು’. ಸಾಕುತಾಯಿ, ಸಾಕುಮಗ ಎನ್ನುತ್ತೇವಲ್ಲ, ಅದು. ನಮಗೆಲ್ಲ ಗೊತ್ತಿರುವ ಸಾಕುತಾಯಿ ಯಶೋದೆ. ಹೆತ್ತವಳು ದೇವಕಿ, ಸೆರೆಮನೆಯಲ್ಲಿದ್ದಳು. ಆದರೆ ಕೃಷ್ಣನ ಬಾಲ್ಯ ಎಂದು ನಾವು ಹೇಳಿಕೊಳ್ಳುವ ಬೆಣ್ಣೆ, ಕೊಳಲು, ಗೆಳೆಯರ ಗುಂಪು, ಪೋಕರಿತನ ಎಲ್ಲ ನಡೆದದ್ದು ಗೋಕುಲದಲ್ಲಿ. ಯಶೋದೆ ಹೊತ್ತುಹೊತ್ತಿಗೆ ಊಟ ಬಡಿಸಿ ಅಷ್ಟಕ್ಕೇ ಸುಮ್ಮನಾಗಿದ್ದರೆ ನಮ್ಮ ಅಜ್ಜಿಯರಿಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ.

ಈಗ ಸರ್ಕಾರ ಏನು ಕೊಡುತ್ತದೆ ನೋಡೋಣ. 1980ರ ಫೆಡರಲ್ ಕಾನೂನಿನ ಪ್ರಕಾರ ಸಾಕುಕುಟುಂಬಕ್ಕೆ ತಿಂಗಳಿಗಿಷ್ಟು ಎಂದು ಹಣ ಬರುತ್ತದೆ. ಅದು ಆಹಾರ, ಬಟ್ಟೆ, ವಸತಿ, ದಿನನಿತ್ಯದ ನಿಗಾ, ಶಾಲೆಯ ಸಾಮಾನು ಮತ್ತು ಸಣ್ಣಪುಟ್ಟ ವೈಯಕ್ತಿಕ ಖರ್ಚಿಗೆ. ಎಷ್ಟು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪಿಯಾನೊ ಪಾಠ, ಸಾಕರ್ ತಂಡದ ಶುಲ್ಕ, ಬ್ಯಾಂಡಿನ ವಾದ್ಯ, ಪ್ರಾಮ್ ದಿನದ ಉಡುಪು, ತರಗತಿಯ ಪ್ರವಾಸ, ಇವೆಲ್ಲ ಆ ಪಟ್ಟಿಯ ಅಂಚಿನಲ್ಲಿ ಬರುತ್ತವೆ. ಕೆಲವೊಮ್ಮೆ ಅರ್ಜಿ ಹಾಕಿದರೆ ಸಿಗುತ್ತವೆ, ಕೆಲವೊಮ್ಮೆ ಇಲ್ಲ.

ಹಣಕ್ಕಿಂತ ದೊಡ್ಡ ತೊಡಕು ಅನುಮತಿಯದ್ದಾಗಿತ್ತು. ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕಾದರೆ ಕೇಸ್‌ವರ್ಕರ್ ಒಪ್ಪಬೇಕು, ಎಷ್ಟೋ ಕಡೆ ಆ ಗೆಳತಿಯ ಮನೆಯವರ ಹಿನ್ನೆಲೆಯನ್ನೂ ಪರಿಶೀಲಿಸಬೇಕು. ಅಷ್ಟರಲ್ಲಿ ಹುಟ್ಟುಹಬ್ಬ ಮುಗಿದಿರುತ್ತಿತ್ತು. ಫ್ಲಾರಿಡಾ ರಾಜ್ಯ 2013ರಲ್ಲಿ ಇದನ್ನು ಸಡಿಲಿಸುವ ಕಾನೂನು ಮಾಡಿತು. 2014ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಒಬಾಮ ಸಹಿ ಮಾಡಿದ ಫೆಡರಲ್ ಕಾನೂನು ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ವಿವೇಕವಿರುವ ತಂದೆತಾಯಿ ತಮ್ಮ ಮಗುವಿಗೆ ಹೇಗೆ ತೀರ್ಮಾನಿಸುತ್ತಾರೋ ಹಾಗೆ ಸಾಕುಪೋಷಕರೂ ಆಟ, ಪ್ರವಾಸ, ಕ್ಯಾಂಪ್, ಗೆಳೆಯರ ಮನೆ ಇವುಗಳ ಬಗ್ಗೆ ತಾವೇ ತೀರ್ಮಾನಿಸಬಹುದು ಎಂಬುದು ಅದರ ಸಾರ. ಈ ಕ್ಷೇತ್ರದವರು ಇದನ್ನು ‘ನಾರ್ಮಲ್ಸಿ’ ಎನ್ನುತ್ತಾರೆ. ಅಂದರೆ ಎಲ್ಲ ಮಕ್ಕಳಂತೆ ಬೆಳೆಯುವ ಅವಕಾಶ.

ಬಾಗಿಲು ತೆರೆಯಿತು, ಆದರೆ ಟಿಕೆಟ್ಟಿನ ದುಡ್ಡು ಎಲ್ಲಿಂದ? ದಾನಿಗಳ ಕೆಲಸ ಶುರುವಾಗುವುದು ಇಲ್ಲಿ. ಒಂದು ಉದಾಹರಣೆ ಊಹಿಸಿಕೊಳ್ಳಿ. ಹತ್ತು ವರ್ಷದ ಹುಡುಗ ಸೆಪ್ಟೆಂಬರಿನಲ್ಲಿ ಹೊಸ ಮನೆಗೆ, ಹೊಸ ಶಾಲೆಗೆ ಬರುತ್ತಾನೆ. ಸಾಕರ್ ತಂಡದ ನೋಂದಣಿ ಶುಕ್ರವಾರ ಮುಗಿಯುತ್ತದೆ. ಅರ್ಜಿ, ಸಹಿ, ಮಂಜೂರಾತಿ ಎಂದು ಮೂರು ವಾರ ಹಿಡಿದರೆ ಆ ಋತು ಅವನ ಪಾಲಿಗೆ ಹೋಯಿತು. ಮುಂದಿನ ಋತುವಿನ ಹೊತ್ತಿಗೆ ಅವನು ಬೇರೆ ಊರಿನಲ್ಲಿರಬಹುದು. ಕೋರ್ಟಿನ ದಿನಾಂಕ ಮುಂದಕ್ಕೆ ಹೋಗಬಹುದು, ಹತ್ತನೆಯ ವಯಸ್ಸು ಮುಂದಕ್ಕೆ ಹೋಗುವುದಿಲ್ಲ. ದಾನಿಯ ನೂರು ಡಾಲರಿನ ನಿಜವಾದ ಬೆಲೆ ಅದು ಬೇಗ ಕೈಸೇರುವುದರಲ್ಲಿದೆ. ತಂಡಕ್ಕೆ ಸೇರಿದವನಿಗೆ ಚೆಂಡಿನ ಜೊತೆ ಹನ್ನೆರಡು ಗೆಳೆಯರೂ, ಹೆಸರು ಹಿಡಿದು ಕರೆಯುವ ಒಬ್ಬ ಕೋಚೂ ಸಿಗುತ್ತಾರೆ. ಎಲ್ಲವೂ ಬದಲಾದ ವರ್ಷದಲ್ಲಿ ಅದು ಸಣ್ಣ ವಿಷಯವಲ್ಲ.

ಇದು ನಡೆಯುವ ರೀತಿ ಹೀಗೆ. ನ್ಯೂಜೆರ್ಸಿಯಲ್ಲಿ 2008ರಲ್ಲಿ ಶುರುವಾದ ‘ಒನ್ ಸಿಂಪಲ್ ವಿಶ್’ ಎಂಬ ಸಂಸ್ಥೆಯನ್ನೇ ತೆಗೆದುಕೊಳ್ಳಿ. ಮಗುವನ್ನು ಬಲ್ಲ ಕಾರ್ಯಕರ್ತರು ಮಗುವಿನ ಆಸೆಯೊಂದನ್ನು ಗುರುತು ಸಿಗದಂತೆ ಬರೆದು ಹಾಕುತ್ತಾರೆ. ಯಾರೋ ದಾನಿ ಆ ಆಸೆಯ ಖರ್ಚು ಹೊರುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಕೇಳುವುದು ಮಗು. ನಮಗೆ ಕೊಡಬೇಕೆನಿಸಿದ್ದು ಬೇರೆ, ಅವರಿಗೆ ಬೇಕಾದದ್ದು ಬೇರೆ. ಡಿಸೆಂಬರಿನಲ್ಲಿ ರಾಶಿ ಬೊಂಬೆಗಳು ಬರುತ್ತವೆ. ಹದಿನೈದು ವರ್ಷದ ಹುಡುಗಿಗೆ ಬೊಂಬೆ ಏಕೆ? ಅವಳಿಗೆ ಬೇಕಾದದ್ದು ಡ್ರೈವಿಂಗ್ ಪಾಠ.

ಡ್ರೈವಿಂಗ್ ಎಂದರೆ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ನಿಮಗೆ ಹದಿನಾರಾದಾಗ ಅಪ್ಪ ಪಕ್ಕದಲ್ಲಿ ಕೂತು ಬೈಯುತ್ತಲೇ ಕಲಿಸಿರುತ್ತಾರೆ, ವಿಮೆಗೆ ಹೆಸರು ಸೇರಿಸಿರುತ್ತಾರೆ. ಫಾಸ್ಟರ್ ಕೇರ್‌ನಲ್ಲಿರುವವರಿಗೆ ವಿಮೆ ಕಟ್ಟುವವರು ಯಾರು, ಸಹಿ ಮಾಡುವವರು ಯಾರು ಎಂಬುದೇ ಗೊಂದಲ. ಫ್ಲಾರಿಡಾ 2014ರಲ್ಲಿ ಇದಕ್ಕೆಂದೇ ‘ಕೀಸ್ ಟು ಇಂಡಿಪೆಂಡೆನ್ಸ್’ ಎಂಬ ಯೋಜನೆ ತಂದು ಪಾಠ, ಪರವಾನಗಿ, ವಿಮೆಯ ಖರ್ಚಿಗೆ ನೆರವಾಗಲು ಮುಂದಾಯಿತು. ಇಂಥದ್ದಿಲ್ಲದ ಕಡೆ ಲೈಸೆನ್ಸ್ ಇಲ್ಲದೆಯೇ ಹದಿನೆಂಟಾಗುತ್ತದೆ. ಹಿಂದಿರುಗಲು ಮನೆಯಿಲ್ಲದೆ, ದತ್ತುವೂ ಆಗದೆ ಹೊರಬರುವವರು ಪ್ರತಿವರ್ಷ ಸಾವಿರಾರು ಮಂದಿ ಇದ್ದಾರೆ. ಈಜು, ಅಡುಗೆ, ಒಂದು ಆಟ, ಒಂದು ವಾದ್ಯ ಎಂದು ನಾವು ಮೋಜಿನ ಪಟ್ಟಿಗೆ ಸೇರಿಸಿದ್ದೆಲ್ಲ ಆಗ ಅವರ ಕೈಲಿರುವ ಬಂಡವಾಳ.

ಒಪ್ಪಬೇಕಾದ ಮಾತೂ ಒಂದಿದೆ. ಸೈಕಲ್ ಕೊಟ್ಟರೆ ಅಮ್ಮನನ್ನು ಬಿಟ್ಟುಬಂದ ನೋವು ಹೋಗುವುದಿಲ್ಲ. ಒಂದು ದಿನ ಥೀಮ್ ಪಾರ್ಕಿಗೆ ಕರೆದೊಯ್ದು ಮರೆತುಬಿಡುವುದರಿಂದ ಕೊಟ್ಟವರಿಗೆ ಹೆಚ್ಚು ಸಂತೋಷವಾಗಬಹುದು. ವಾರವಾರ ನಡೆಯುವ ತರಗತಿ, ಪ್ರತಿವರ್ಷ ಹೋಗುವ ಅದೇ ಕ್ಯಾಂಪ್, ಇವು ಮಗುವಿಗೆ ಹೆಚ್ಚು ಉಪಯೋಗ.

ಹಾಗಾದರೆ ನೀವೇನು ಮಾಡಬಹುದು? ಅರಂಗೇಟ್ರಂ, ಗ್ರಾಜುಯೇಷನ್ ಪಾರ್ಟಿಗಳಲ್ಲಿ “ಉಡುಗೊರೆ ಬೇಡ” ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಅದರ ಪಕ್ಕದಲ್ಲಿ ಇಂಥದೊಂದು ಸಂಸ್ಥೆಯ ಹೆಸರು ಹಾಕಿ. ಕೊಡುವ ಮೊದಲು ಸಂಸ್ಥೆ ನೋಂದಾಯಿತವೇ, ಹಣ ಹೇಗೆ ಖರ್ಚಾಗುತ್ತದೆ ಎಂದು ನೋಡಿ. ಕನ್ನಡ ಕೂಟದ ಯುವ ತಂಡ ಸೇರಿ ಒಂದು ಮಗುವಿನ ವರ್ಷದ ಸಂಗೀತ ಪಾಠದ ಶುಲ್ಕ ಹೊರಬಹುದು. ಆ ಮಗುವಿನ ಫೋಟೊ ಕೇಳಬೇಡಿ, ಹಾಕಲೂ ಬೇಡಿ. ಗುರುತನ್ನು ಕಾಪಾಡುವುದು ಕಾನೂನೂ ಹೌದು, ಮರ್ಯಾದೆಯೂ ಹೌದು. ಇಪ್ಪತ್ತೊಂದು ದಾಟಿದವರು ‘ಕಾಸಾ’ ತರಬೇತಿ ಪಡೆದು ನ್ಯಾಯಾಲಯದಲ್ಲಿ ಒಂದು ಮಗುವಿನ ಪರ ಮಾತನಾಡುವ ಸ್ವಯಂಸೇವಕರಾಗಬಹುದು. ಸಿಯಾಟಲ್‌ನ ನ್ಯಾಯಾಧೀಶರೊಬ್ಬರು 1977ರಲ್ಲಿ ಆರಂಭಿಸಿದ ಪದ್ಧತಿ ಅದು.

ಇನ್ನು ದುಡ್ಡಿಲ್ಲದೆ ಆಗುವ ಕೆಲಸ. ನಿಮ್ಮ ಹುಟ್ಟುಹಬ್ಬಕ್ಕೆ ಆ ಸಹಪಾಠಿಯನ್ನೂ ಕರೆಯಿರಿ. ಎಲ್ಲಿ, ಎಷ್ಟು ಹೊತ್ತು, ಯಾವ ಹಿರಿಯರು ಇರುತ್ತಾರೆ ಎಂದು ಒಂದು ವಾರ ಮುಂಚೆಯೇ ಅವರ ಮನೆಗೆ ತಿಳಿಸಿದರೆ, ಹೂಂ ಎನ್ನಲು ಸಾಕುಪೋಷಕರಿಗೆ ಸುಲಭ. ಬಂದಾಗ “ನಿಮ್ಮ ಅಪ್ಪ ಅಮ್ಮ ಎಲ್ಲಿ?” ಎಂದು ಕೇಳಬೇಡಿ. ಕೇಕ್ ಕೊಡಿ, ಆಟಕ್ಕೆ ಸೇರಿಸಿಕೊಳ್ಳಿ.