ಸೂರ್ಯ ಮುಳುಗುವ ಮುನ್ನ: ಅನುದಿನದ ಬದುಕಿನಲ್ಲಿ ಪಾವಿತ್ರ್ಯ

ದೇವರು ನಮ್ಮಿಂದ ಏನನ್ನು ಬಯಸುತ್ತಾರೆ? ಧ್ಯಾನಕೂಟಗಳಲ್ಲಿ ವಿಶ್ವಾಸಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಉತ್ತರವೂ ಇರುತ್ತದೆ: ಭಾನುವಾರದ ಬಲಿಪೂಜೆ, ಕುಟುಂಬದ ಜಪಸರ, ಉಪವಾಸ, ದಾನ. ಇವೆಲ್ಲವೂ ಅಗತ್ಯವೇ. ಆದರೆ ಪವಿತ್ರ ಗ್ರಂಥವು ಇದೇ ಪ್ರಶ್ನೆಗೆ ಕೊಡುವ ಉತ್ತರಗಳಲ್ಲಿ ಒಂದು ನಾವು ನಿರೀಕ್ಷಿಸದಷ್ಟು ಸಾಧಾರಣವಾದುದು: ದುಡಿದವನ ಕೂಲಿಯನ್ನು ಅಂದೇ ಕೊಟ್ಟುಬಿಡು. ಈ ಲೇಖನದಲ್ಲಿ ಆ ಒಂದು ಉತ್ತರವನ್ನಷ್ಟೇ ಪರಿಶೀಲಿಸಲು ಪ್ರಯತ್ನಿಸಿದ್ದೇನೆ.

1. ಪಾವಿತ್ರ್ಯದ ಅಧ್ಯಾಯ

ಯಾಜಕಕಾಂಡದ 19ನೆಯ ಅಧ್ಯಾಯವು ಇಸ್ರಯೇಲ್ ಜನರು ಪರಿಶುದ್ಧರಾಗಿರಬೇಕೆಂಬ ಕರೆಯಿಂದ ಆರಂಭವಾಗುತ್ತದೆ. ಅವರ ದೇವರು ಪರಿಶುದ್ಧರು ಎಂಬುದೇ ಅದಕ್ಕೆ ಕಾರಣ. ಇಷ್ಟು ಉನ್ನತವಾದ ಆರಂಭದ ಬಳಿಕ ದೇವಾಲಯ, ಬಲಿಪೀಠ, ಧೂಪಗಳ ವಿಚಾರವೇ ಬರುವುದೆಂದು ಓದುಗನು ಎಣಿಸುತ್ತಾನೆ. ಅವುಗಳ ಪ್ರಸ್ತಾಪ ಇಲ್ಲದಿಲ್ಲ. ಆದರೆ ಅಧ್ಯಾಯದ ಬಹುಭಾಗ ನಡೆಯುವುದು ಹೊಲದಲ್ಲಿ, ಅಂಗಡಿಯಲ್ಲಿ, ನ್ಯಾಯಸ್ಥಾನದಲ್ಲಿ. ಕುಯಿಲಿನಲ್ಲಿ ಉದುರಿದ ತೆನೆಯನ್ನು ಬಡವರಿಗೂ ಪರದೇಶಿಗೂ ಬಿಡಬೇಕು, ಕಿವುಡನನ್ನು ಶಪಿಸಬಾರದು, ಕುರುಡನ ದಾರಿಯಲ್ಲಿ ಎಡರನ್ನಿಡಬಾರದು, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಬೇಕು. ಇವುಗಳ ನಡುವೆ 13ನೆಯ ವಚನದಲ್ಲಿ ಕೂಲಿಯ ನಿಯಮವಿದೆ.

ಮೂಲ ಹೀಬ್ರೂ ಭಾಷೆಯಲ್ಲಿ ಈ ನಿಯಮಕ್ಕೆ ಬಳಕೆಯಾಗಿರುವ ಕ್ರಿಯಾಪದ ಗಮನಾರ್ಹ. ರಾತ್ರಿ ತಂಗುವುದು ಎಂಬುದು ಅದರ ಅರ್ಥ. ಕೂಲಿಯವನಿಗೆ ಸಲ್ಲಬೇಕಾದ ಹಣವು ಬೆಳಗಿನ ತನಕ ನಿನ್ನ ಬಳಿ ತಂಗಬಾರದು ಎಂಬ ಭಾವ. ಅಂದರೆ ಕೆಲಸ ಮುಗಿದ ಗಳಿಗೆಯಿಂದಲೇ ಆ ಹಣ ಯಜಮಾನನದಲ್ಲ. ಅದು ದಾರಿ ತಪ್ಪಿ ಅವನ ಮನೆಯಲ್ಲಿ ಉಳಿದುಕೊಂಡ ಇನ್ನೊಬ್ಬರ ಸ್ವತ್ತು.

ಧರ್ಮೋಪದೇಶಕಾಂಡವು (24:14-15) ಇದೇ ನಿಯಮವನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಸೂರ್ಯ ಮುಳುಗುವ ಮುನ್ನ ಕೂಲಿ ಸಲ್ಲಬೇಕು; ದುಡಿದವನು ಸ್ವಜನನೋ ಪರದೇಶಿಯೋ ಎಂಬ ಭೇದವಿಲ್ಲ. ಆ ಬಡವನು ತನ್ನ ‘ನೆಫೆಷ್’ ಅನ್ನು ಕೂಲಿಯ ಮೇಲೆ ಇಟ್ಟಿರುತ್ತಾನೆ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ನೆಫೆಷ್ ಎಂದರೆ ಉಸಿರು, ಪ್ರಾಣ, ಹಂಬಲ. ಅವನು ಮೊರೆಯಿಟ್ಟರೆ ಸರ್ವೇಶ್ವರ ಕೇಳುತ್ತಾರೆ, ಕೊಡದವನ ಮೇಲೆ ಪಾಪ ನಿಲ್ಲುತ್ತದೆ. ಸಂತ ಯಕೋಬರ ಪತ್ರದಲ್ಲಿ (5:4) ಕೂಗುವುದು ಕೂಲಿಯವನಷ್ಟೇ ಅಲ್ಲ, ತಡೆಹಿಡಿದ ಕೂಲಿಯೇ ಕೂಗುತ್ತದೆ. ಹೇಬೆಲನ ರಕ್ತವು ನೆಲದಿಂದ ಮೊರೆಯಿಟ್ಟಂತೆ ಹಣವೂ ಇಲ್ಲಿ ಮೊರೆಯಿಡುತ್ತದೆ.

2. ಬಡಗಿಯ ಮಗ, ದ್ರಾಕ್ಷಿತೋಟದ ಯಜಮಾನ

ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ಯೇಸುಸ್ವಾಮಿ ತೆಗೆದುಕೊಂಡದ್ದು ಇದೇ ಅಧ್ಯಾಯದಿಂದ (ಯಾಜಕಕಾಂಡ 19:18), ಕೂಲಿಯ ನಿಯಮದಿಂದ ಐದೇ ವಚನಗಳ ದೂರದಲ್ಲಿ. ಮಾರ್ಕನ ಶುಭಸಂದೇಶವು (6:3) ಸ್ವಾಮಿಯನ್ನು ಬಡಗಿ ಎಂದು ಗುರುತಿಸುತ್ತದೆ. ಕೈಕೆಲಸದವನ ಮನೆಯಲ್ಲಿ ಬೆಳೆದವರಿಗೆ ಸಂಜೆಯ ಕೂಲಿಯ ಬೆಲೆಯನ್ನು ಬೇರೆಯವರು ವಿವರಿಸಬೇಕಿರಲಿಲ್ಲ.

ದ್ರಾಕ್ಷಿತೋಟದ ಸಾಮತಿಯನ್ನು (ಮತ್ತಾಯ 20:1-16) ನಾವು ದೈವಾನುಗ್ರಹದ ಕಥೆಯೆಂದು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಒಂದು ಸಣ್ಣ ವಿವರ ಕಣ್ತಪ್ಪುತ್ತದೆ. ಸಂಜೆಯಾದೊಡನೆ ಯಜಮಾನನು ಮೇಲ್ವಿಚಾರಕನನ್ನು ಕರೆದು ಎಲ್ಲರಿಗೂ ಕೂಲಿ ಕೊಡಿಸುತ್ತಾನೆ. ಧರ್ಮೋಪದೇಶಕಾಂಡದ ನಿಯಮವನ್ನು ಅವನು ಪಾಲಿಸುತ್ತಿದ್ದಾನೆ. ಕೊನೆಯ ಗಂಟೆಯಲ್ಲಿ ಬಂದವನಿಗೂ ದೊರೆತದ್ದು ಒಂದು ದೆನಾರಿ, ಅಂದಿನ ಕಾಲದ ಸಾಧಾರಣ ದಿನಗೂಲಿ. ಅವನ ಔದಾರ್ಯ ನ್ಯಾಯವನ್ನು ಮೀರಿತೇ ಹೊರತು ನ್ಯಾಯವನ್ನು ಬಿಟ್ಟು ನಡೆಯಲಿಲ್ಲ. ಸಲ್ಲಬೇಕಾದುದನ್ನು ಸಲ್ಲಿಸದೆ ಉದಾರಿಯಾಗಲು ಯಾರಿಗೂ ಸಾಧ್ಯವಿಲ್ಲ.

3. ಧರ್ಮಸಭೆಯ ಬೋಧನೆ

1891ರಲ್ಲಿ ಜಗದ್ಗುರು 13ನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ, ಕೂಲಿಯವನು ಒಪ್ಪಿಕೊಂಡನೆಂಬ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎಂದು ಬೋಧಿಸಿದರು. ಹಸಿದವನು ಯಾವ ಕರಾರಿಗೂ ತಲೆಯಾಡಿಸುತ್ತಾನೆ; ಬದುಕಿಗೆ ಸಾಲುವಷ್ಟು ದೊರೆಯಬೇಕೆಂಬ ಸಹಜ ನ್ಯಾಯವು ಕರಾರಿಗಿಂತ ಹಿರಿದು. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ‘ಲೂಮೆನ್ ಜೆನ್ಸಿಯುಮ್’ನ 5ನೆಯ ಅಧ್ಯಾಯದಲ್ಲಿ, ಪಾವಿತ್ರ್ಯದ ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಮೀಸಲಲ್ಲ, ಸ್ನಾನದೀಕ್ಷೆ ಪಡೆದ ಎಲ್ಲರಿಗೂ ಅವರವರ ಜೀವನಸ್ಥಿತಿಯಲ್ಲೇ ಬಂದಿದೆ ಎಂದು ಸಾರಿತು. ಮರುವರ್ಷದ ‘ಗೌದಿಯುಮ್ ಎತ್ ಸ್ಪೆಸ್’ (43) ಅನುಸರಿಸುವ ವಿಶ್ವಾಸಕ್ಕೂ ದಿನನಿತ್ಯದ ನಡತೆಗೂ ನಡುವಣ ಬಿರುಕನ್ನು ನಮ್ಮ ಯುಗದ ಗಂಭೀರ ತಪ್ಪುಗಳ ಸಾಲಿಗೆ ಸೇರಿಸಿತು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (1867) ಸ್ವರ್ಗಕ್ಕೆ ಮೊರೆಯಿಡುವ ಪಾಪಗಳಲ್ಲಿ ಕೂಲಿಯವನಿಗೆ ಮಾಡಿದ ಅನ್ಯಾಯವನ್ನೂ ಎಣಿಸುತ್ತದೆ.

4. ನಮ್ಮ ಸುತ್ತಮುತ್ತ

ಈ ಬೋಧನೆಯನ್ನು ಉತ್ತರ ಬೆಂಗಳೂರಿನಲ್ಲಿ ನಿಂತು ಓದೋಣ. ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಹಮಾಲಿಗಳು ಮೂಟೆ ಹೊರುತ್ತಾರೆ. ಯಲಹಂಕದ ಆಚೆಗೆ ಬೆಳೆಯುತ್ತಿರುವ ಬಡಾವಣೆಗಳಲ್ಲಿ ರಾಯಚೂರು, ಯಾದಗಿರಿಯ ಕುಟುಂಬಗಳೂ ಬಿಹಾರ, ಒಡಿಶಾದ ಯುವಕರೂ ಗಾರೆ ಕಲಸುತ್ತಾರೆ. ಆರ್.ಟಿ. ನಗರದ ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಂದಿರಲ್ಲಿ ನಮ್ಮ ಧರ್ಮಕೇಂದ್ರಗಳವರೂ ಇದ್ದಾರೆ. ಅವರನ್ನು ಕೆಲಸಕ್ಕಿಟ್ಟುಕೊಂಡವರಲ್ಲಿಯೂ ನಮ್ಮವರಿದ್ದಾರೆ. ಭಾನುವಾರ ಇಬ್ಬರೂ ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಕರ್ನಾಟಕ ಸರ್ಕಾರವು ಮನೆಗೆಲಸದವರಿಗೆ 2004ರಲ್ಲಿ ಕನಿಷ್ಠ ವೇತನವನ್ನು ನಿಗದಿಪಡಿಸಿತು. ಅದು ನಮ್ಮ ಮನೆಗಳಿಗೂ ಅನ್ವಯಿಸುತ್ತದೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. ಹಲವು ವರ್ಷಗಳ ಹಿಂದೆ ಧರ್ಮಕೇಂದ್ರವೊಂದರ ಹೊಣೆ ನನ್ನ ಮೇಲಿತ್ತು. ವಾರ್ಷಿಕ ಹಬ್ಬಕ್ಕೆಂದು ದೇವಾಲಯಕ್ಕೆ ಸುಣ್ಣಬಣ್ಣ ಮಾಡಿಸಿದೆವು. ಶನಿವಾರ ಸಂಜೆ ಬಣ್ಣ ಬಳಿಯುವವರಲ್ಲಿ ಒಬ್ಬರು ಬಂದು, “ಬಟವಾಡಿ ಆಗಿಲ್ರಿ ಫಾದರ್. ನಾಳೆ ಊರಿಗೆ ಹೋಗಾವ್ರು ಅದೀವಿ” ಎಂದರು. ಹಬ್ಬದ ಕಾಣಿಕೆ ಬಂದ ಮೇಲೆ ಮೇಸ್ತ್ರಿಯ ಕೈಗೆ ಕೊಡುತ್ತೇನೆಂದು ಹೇಳಿ ಕಳುಹಿಸಿದೆ. ಅವರು ವಾದಿಸಲಿಲ್ಲ. ಹೂವಿನವರಿಗೂ ದೀಪಾಲಂಕಾರದವರಿಗೂ ಆ ವೇಳೆಗಾಗಲೇ ಮುಂಗಡ ಕೊಟ್ಟಿದ್ದೆವು. ಮುಂದಿನ ವಾರ ಹಣ ಕೊಟ್ಟಾಗ ಆ ಮನುಷ್ಯ ಊರಿನಲ್ಲಿದ್ದರು. ಅದು ಅವರ ಕೈ ಸೇರಿತೇ ಎಂದು ನಾನು ವಿಚಾರಿಸಲಿಲ್ಲ. ಇದನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳುವುದಕ್ಕೆ ನನಗೆ ವರ್ಷಗಳೇ ಹಿಡಿದವು. ಮುಚ್ಚಿಡಬೇಕೆಂದಲ್ಲ, ಅದು ಪಾಪವೆಂದೇ ತೋಚಿರಲಿಲ್ಲ. ಅದನ್ನು ಲೆಕ್ಕಪುಸ್ತಕದ ವಿಷಯವೆಂದುಕೊಂಡಿದ್ದೆ. ಮಹಾಸಭೆ ಹೇಳಿದ ಬಿರುಕು ಗುರುವಿನೊಳಗೂ ಇರುತ್ತದೆಂದು ನಾನು ಕಲಿತದ್ದು ಹೀಗೆ.

ದುಡಿಯುವವರಾಗಿಯೂ ನಮಗೆ ಹೊಣೆಯಿದೆ. ಮನಃಪೂರ್ವಕವಾಗಿ, ಪ್ರಭುವಿಗೆಂದೇ ಕೆಲಸ ಮಾಡಬೇಕೆಂದು ಕೊಲೊಸ್ಸೆಯರಿಗೆ ಬರೆದ ಪತ್ರ (3:23) ಬೋಧಿಸುತ್ತದೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಮಾಡದ ಕೆಲಸಕ್ಕೆ ಗಂಟೆಗಳನ್ನು ತುಂಬುವವನೂ ಕೂಲಿ ತಡೆಹಿಡಿಯುವ ಯಜಮಾನನೂ ಒಂದೇ ತಕ್ಕಡಿಯ ಮುಂದೆ ನಿಲ್ಲಬೇಕು. ಕನ್ನಡ ನೆಲಕ್ಕೆ ಈ ವಿವೇಕ ಹೊಸದಲ್ಲ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಡದಿ ಲಕ್ಕಮ್ಮ ಅದನ್ನು ಹಿಂದಿರುಗಿಸುವಂತೆ ಹೇಳಿದ ಕಥೆ ನಮಗೆಲ್ಲ ಪರಿಚಿತ.

5. ಒಂದು ಆಕ್ಷೇಪಣೆ

ಹೀಗೆ ಹೇಳಿದರೆ ವಿಶ್ವಾಸವು ಬರಿಯ ನೀತಿಪಾಠವಾಗುವುದಿಲ್ಲವೇ? ನಮ್ಮನ್ನು ಉದ್ಧರಿಸುವುದು ದೈವಾನುಗ್ರಹವಲ್ಲವೇ? ಹೌದು. ಕೂಲಿ ಕೊಟ್ಟು ಯಾರೂ ಸ್ವರ್ಗವನ್ನು ಕೊಳ್ಳಲಾರರು. ಆದರೆ ಜಕ್ಕಾಯನ ಕಥೆಯನ್ನು (ಲೂಕ 19:1-10) ನೆನೆಯಿರಿ. ಸ್ವಾಮಿ ಅವನ ಮನೆಗೆ ಬರುತ್ತೇನೆಂದದ್ದು ಅವನು ಮೋಸದ ಹಣವನ್ನು ಹಿಂದಿರುಗಿಸುವ ಮೊದಲೇ. ಅನುಗ್ರಹ ಮುಂದಾಗಿ ಬಂತು. ಬಂದ ಅನುಗ್ರಹ ಲೆಕ್ಕಪುಸ್ತಕವನ್ನು ತೆರೆಸಿತು. ಆರಾಧನೆಗೂ ನ್ಯಾಯಕ್ಕೂ ಇರುವ ಸಂಬಂಧವೂ ಹೀಗೆಯೇ. ಸಹೋದರನ ಮನಸ್ಸಿನಲ್ಲಿ ನಮ್ಮ ಮೇಲೆ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆಂದು ಪರ್ವತಪ್ರಬೋಧನೆ (ಮತ್ತಾಯ 5:23-24) ಹೇಳುತ್ತದೆ. ಹೋದವನು ಮರಳಿ ಬಂದು ಕಾಣಿಕೆಯನ್ನು ಅರ್ಪಿಸಬೇಕೆಂಬುದೂ ಅಲ್ಲೇ ಇದೆ. ಪೀಠವನ್ನು ತೊರೆಯಲು ಸ್ವಾಮಿ ಹೇಳಲಿಲ್ಲ. ಪೀಠಕ್ಕೆ ಬರುವ ದಾರಿಯನ್ನು ತೋರಿಸಿದರು.

ಆದುದರಿಂದ ಭಾನುವಾರದ ಬಲಿಪೂಜೆಗೆ ಶನಿವಾರ ಸಂಜೆಯೇ ಸಿದ್ಧತೆ ಆರಂಭವಾಗಲಿ. ಆತ್ಮಶೋಧನೆಗೆ ಮೂರು ಪ್ರಶ್ನೆಗಳು ಸಾಕು. ಈ ವಾರ ನನಗಾಗಿ ದುಡಿದವರು ಯಾರು? ಅವರಿಗೆ ಸಲ್ಲಬೇಕಾದುದು ಇನ್ನೂ ನನ್ನ ಬಳಿ ತಂಗಿದೆಯೇ? ನಾನು ಪಡೆದ ಸಂಬಳಕ್ಕೆ ತಕ್ಕಂತೆ ದುಡಿದೆನೇ? ಗುರುಮಠದಲ್ಲಿ ಅಭ್ಯಾಸ ಮಾಡುತ್ತಿರುವ ಸಹೋದರರಿಗೆ ಇನ್ನೊಂದು ಮಾತು: ನಾಳೆ ನಿಮ್ಮ ಕೈಗೆ ಧರ್ಮಕೇಂದ್ರದ ಬೀಗದ ಕೈಗಳು ಬರುತ್ತವೆ. ಹಬ್ಬದ ಖರ್ಚಿನ ಪಟ್ಟಿ ಬರೆಯುವಾಗ ದುಡಿದವರ ಕೂಲಿಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಹೂವು, ದೀಪಗಳು ಆಮೇಲೆ ಬರಲಿ.