ಆಲ್ಬಮ್ಮಿನಲ್ಲಿ ಮದುವೆ ನಾಲ್ಕು, ಮಗ್ಗ ಒಂದೂ ಇಲ್ಲ!

ನಾರಾಯಣಪೇಟೆ: ಹೋದ ದೀಪಾವಳಿಗೆ ಇಲ್ಲಿನ ಮಾಮಾನ ಮನೆಗೆ ಹೋದಾಗ ನಡೆದದ್ದು ಇದು. ಮಾಮಾನ ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮನೆತನದ ಕಸುಬಿನ ಬಗ್ಗೆ ಎರಡು ಪುಟ ಬರೆದು, ಜೊತೆಗೊಂದು ಫೋಟೊ ಅಂಟಿಸಬೇಕು. ‘ಮೂರು ಮಗ್ಗ ಇದ್ದ ಮನಿ, ಫೋಟೊಕ್ಕೇನ್ ಬರ?’ ಎಂದುಕೊಂಡು ಅಟ್ಟದ ಮೇಲಿನ ಟ್ರಂಕ್ ಇಳಿಸಿದೆವು. ನಾಲ್ಕು ಮದುವೆ ಆಲ್ಬಮ್, ಎರಡು ತೊಟ್ಟಿಲ ಕಾರ್ಯಕ್ರಮ, ತಿರುಪತಿಯಲ್ಲಿ ಬೋಳು ತಲೆಯ ಸಾಲು, ರಾಯಚೂರಿನ ಸ್ಟುಡಿಯೊದಲ್ಲಿ ಬಣ್ಣದ ಪರದೆಯ ಮುಂದೆ ಎದೆಯುಬ್ಬಿಸಿ ಕೂತ ಅಜ್ಜ. ಎಲ್ಲಾ ಇತ್ತು. ಮಗ್ಗ ಮಾತ್ರ ಇರಲಿಲ್ಲ.

ಕೊನೆಗೆ ಒಂದು ಫೋಟೊದಲ್ಲಿ ಸಿಕ್ಕಿತು, ಅದೂ ಅರ್ಧ. ಅರಿಶಿನ ಹಚ್ಚಿಸಿಕೊಂಡು ಕೂತ ಮದುಮಗಳ ತಲೆಯ ಹಿಂದೆ ಮಗ್ಗದ ಒಂದು ಕಂಬ, ಉಳಿದದ್ದಕ್ಕೆ ಕೌದಿ ಹೊದಿಸಿದ್ದರು. ‘ಪಾವಣ್ಯಾರು ಬರ್ತಾರ, ಮನಿ ಅಸ್ತವ್ಯಸ್ತ ಕಾಣಬಾರ್ದಂತ ನಾನಾ ಮುಚ್ಚಿದ್ದೆ’ ಎಂದು ಅತ್ತಿ ನಕ್ಕರು. ನಕ್ಕವರು ಸ್ವಲ್ಪ ಹೊತ್ತಿನಲ್ಲೇ ಸುಮ್ಮನಾದರು. ಆ ಮಗ್ಗದ ಮೇಲೆಯೇ ಮೂವತ್ತು ವರ್ಷ ಮನೆ ನಡೆದದ್ದು. ಅಜ್ಜಿ ಬಾಗಿಲ ಬಳಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದದ್ದು, ಅಜ್ಜ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದದ್ದು ನಮಗೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಹುಡುಗಿಗೆ ಮಾತ್ರ ತೋರಿಸಲು ಏನೂ ಇಲ್ಲ. ಈಗ ಗುಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಅಕ್ಕಿ ಚೀಲ.

ಇದು ಒಂದೇ ಮನೆಯ ಕಥೆ ಅಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಮನೆಗಳ ಆಲ್ಬಮ್ ತೆರೆದು ನೋಡಿ. ಹಬ್ಬ ಸಿಗುತ್ತದೆ, ಸೋಮವಾರ ಸಿಗುವುದಿಲ್ಲ!

ಹಿಂದೆ ಇದಕ್ಕೆ ಕಾರಣವೂ ಇತ್ತು. ರೀಲಿಗೆ ಮೂವತ್ತಾರೇ ಫೋಟೊ, ತೊಳೆಸುವ ಖರ್ಚು ಬೇರೆ. ಅದಕ್ಕೂ ಹಿಂದೆ ಕ್ಯಾಮೆರಾ ಎಂದರೆ ದೊಡ್ಡವರ ಬಾಬತ್ತು. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ (ಮಹಬೂಬ್‌ನಗರಕ್ಕೆ ಇವರದೇ ಹೆಸರು) ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ತೆಗೆದ ಅರಮನೆ, ಬೇಟೆ, ದರ್ಬಾರಿನ ಚಿತ್ರಗಳು ಇಂದಿಗೂ ಉಳಿದಿವೆ. ನೇಕಾರನ ಮನೆಗೆ ಅಂಥವರು ಯಾಕೆ ಬರುತ್ತಾರೆ? ಈಗ ಹಾಗಲ್ಲ. ಪ್ರತಿ ಮನೆಯಲ್ಲೂ ಎರಡು ಮೂರು ಮೊಬೈಲ್. ಬರ ಇರುವುದು ಕ್ಯಾಮೆರಾಕ್ಕಲ್ಲ, ‘ಇದರಾಗ ತೆಗಿಯೋದೇನೈತಿ?’ ಎಂಬ ಪ್ರಶ್ನೆಗೆ ಉತ್ತರಕ್ಕೆ.

ಬೆಳಕು ನೋಡಿ ಕೂತ ಅಜ್ಜ

ಮಗ್ಗದ ಮನೆಯಿಂದಲೇ ಶುರು ಮಾಡೋಣ. ನಾರಾಯಣಪೇಟೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಶಿವಾಜಿ ಮಹಾರಾಜರು ಈ ದಾರಿಯಲ್ಲಿ ಬಂದು ಬಿಡಾರ ಹೂಡಿದ್ದಾಗ ಜೊತೆಗಿದ್ದ ನೇಕಾರರಲ್ಲಿ ಕೆಲವರು ಇಲ್ಲೇ ಉಳಿದರು ಎಂಬ ಮಾತು ಊರಲ್ಲಿ ಇದೆ. ಚೌಕಡಿ ಮೈ, ಗುಡಿಯ ಗೋಪುರದಂಥ ದಡಿ. ಒಮ್ಮೆ ಹಾಸು ಹೂಡಿದರೆ ಎಂಟು ಸೀರೆ ಇಳಿಯುತ್ತವೆ. ಅಂಗಡಿಯ ಗಾಜಿನ ಹಿಂದಿರುವ ಸೀರೆಯ ಫೋಟೊ ಇಂಟರ್‌ನೆಟ್‌ನಲ್ಲಿ ಸಾವಿರ ಸಿಗುತ್ತದೆ. ಸಿಗದೇ ಇರುವುದು ಅದನ್ನು ನೇಯ್ದವರ ಕೈ.

ಮಗ್ಗದ ಕೋಣೆ ಸಾಮಾನ್ಯವಾಗಿ ಕತ್ತಲು. ಆದರೆ ಮಗ್ಗ ಹೂಡುವಾಗ ಹಿರಿಯರು ಬೆಳಕು ನೋಡಿಯೇ ಹೂಡಿದ್ದಾರೆ. ಕಿಟಕಿಯ ಬೆಳಕು ನೇರವಾಗಿ ಹಣಿಗೆಯ ಮೇಲೆ ಬೀಳಬೇಕು, ಇಲ್ಲವಾದರೆ ಕಡಿದ ಎಳೆ ಕಾಣುವುದಿಲ್ಲ. ಅಂದರೆ ಫೋಟೊಗ್ರಾಫರ್ ಹುಡುಕಬೇಕಾದ ಜಾಗವನ್ನು ಅಜ್ಜ ಆಗಲೇ ಹುಡುಕಿಟ್ಟಿದ್ದಾನೆ! ನೀವು ಫ್ಲ್ಯಾಶ್ ಆರಿಸಿ, ಕಿಟಕಿಯ ಪಕ್ಕಕ್ಕೆ ನಿಂತು, ಮೊಬೈಲನ್ನು ನೇಯುವವರ ಎದೆಯ ಮಟ್ಟಕ್ಕೆ ಇಳಿಸಿದರೆ ಸಾಕು. ಗುಂಡಿ ಮಗ್ಗದವರು ನೆಲದ ಮಟ್ಟದಲ್ಲಿ ಕೂತಿರುತ್ತಾರೆ, ನಾವು ನಿಂತು ತೆಗೆದರೆ ಬರೀ ನೆತ್ತಿ ಬರುತ್ತದೆ. ನೆಲದ ಮೇಲೆ ಕೂಡಬೇಕು. ಪ್ಯಾಂಟಿಗೆ ಧೂಳು ಹತ್ತಿದರೆ ಹತ್ತಲಿ.

ಅದಕ್ಕೂ ಮೊದಲು ಲೆನ್ಸ್ ಒರೆಸಿ. ಹತ್ತಿಯ ಧೂಳು, ಎಣ್ಣೆ ಕೈ, ಜೇಬಿನ ಬೆವರು ಹತ್ತಿದ ಲೆನ್ಸಿನಲ್ಲಿ ತೆಗೆದು ‘ಫೋಟೊ ಮಂಜ್ ಮಂಜಾಗಿ ಬಂತು’ ಎಂದು ಫೋನ್ ಕಂಪನಿಗೆ ಬೈಯುವವರೇ ಹೆಚ್ಚು.

ಊರಿನ ಬಾರಂ ಬಾವಿ ಇತ್ತೀಚಿನ ವರ್ಷಗಳಲ್ಲಿ ಸ್ವಚ್ಛಗೊಂಡ ಮೇಲೆ ಅಲ್ಲಿ ಸೆಲ್ಫಿಗೆ ಬರುವವರಿದ್ದಾರೆ. ಬರಲಿ, ಚೆಂದದ ಬಾವಿ. ಆದರೆ ಅಲ್ಲಿಂದ ಮನೆಗೆ ಬರುವ ದಾರಿಯಲ್ಲೇ ಮಂಡಾಳ ಒಗ್ಗರಣೆ, ಮಿರ್ಚಿಯ ಬಂಡಿ ಇದೆಯಲ್ಲ, ಅದರ ಚಿತ್ರ ಯಾರ ಹತ್ತಿರ ಇದೆ? ನಾವು ಒಗ್ಗರಣೆ ಎನ್ನುತ್ತೇವೆ, ಪಕ್ಕದಲ್ಲಿ ನಿಂತವರು ‘ಉಗ್ಗಾನಿ’ ಎಂದು ತೆಲುಗಿನಲ್ಲಿ ಕೇಳುತ್ತಾರೆ, ಹಿಂದಿನವರು ಉರ್ದುವಿನಲ್ಲಿ ಚಿಲ್ಲರೆ ಎಣಿಸುತ್ತಾರೆ. ಬೆಳಗಿನ ಏಳು ಗಂಟೆಗೆ ಬಾಣಲೆಯ ಹೊಗೆಯೊಳಗೆ ಓರೆ ಬಿಸಿಲು ಇಳಿಯುತ್ತದೆ. ಹತ್ತು ನಿಮಿಷ ತಡವಾದರೆ ಆ ಬಿಸಿಲೂ ಇರುವುದಿಲ್ಲ, ಮಿರ್ಚಿಯೂ ಇರುವುದಿಲ್ಲ!

ಮಕ್ತಲ್ ದಾರಿ, ಹೊಳಿ ದಂಡಿ

ಮಕ್ತಲ್ ಎಂದೊಡನೆ ಪಡಮಟಿ ಆಂಜನೇಯಸ್ವಾಮಿ ನೆನಪಾಗುತ್ತಾನೆ. ಪಡಮಟಿ ಎಂದರೆ ಪಡುವಣ. ಗರ್ಭಗುಡಿಯ ಕಡೆ ಮೊಬೈಲ್ ಹಿಡಿದು ಬೈಸಿಕೊಳ್ಳುವ ಬದಲು ಹೊರಗೆ ಕಾಯಿ ಅಂಗಡಿಯ ಎದುರು ಅರ್ಧ ಗಂಟೆ ಕೂತು ನೋಡಿ. ಹೊಸ ಬೈಕಿಗೆ ನಿಂಬೆಹಣ್ಣು ಇಡುವವರು, ಕಳೆದ ಚಪ್ಪಲಿ ಹುಡುಕುವವರು, ಹರಕೆ ತೀರಿತೆಂದು ಕಟ್ಟೆಗೆ ಒರಗಿ ಕಣ್ಣು ಮುಚ್ಚಿದ ಮುದುಕಿ. ಇದಕ್ಕೆ ಟಿಕೆಟ್ ಇಲ್ಲ, ಸಾಲೂ ಇಲ್ಲ.

ಇಲ್ಲಿ ಹೊಸದೊಂದು ನೋಟವೂ ಸೇರಿದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್ ಮತ್ತು ಕೃಷ್ಣಾ ನಡುವಿನ 37 ಕಿ.ಮೀ. ಹೊಸ ರೈಲು ಮಾರ್ಗ ಉದ್ಘಾಟನೆಗೊಂಡು, ಕಾಚಿಗುಡ ಮತ್ತು ರಾಯಚೂರು ನಡುವೆ ಮಕ್ತಲ್ ಮೇಲೆ ರೈಲು ಬಂತು. ಬುತ್ತಿ ಗಂಟು ಹಿಡಿದು ರಾಯಚೂರಿನ ಮಗಳ ಮನೆಗೆ ಹೊರಟ ಅವ್ವ ರೈಲಿನ ಕಿಟಕಿಯಲ್ಲಿ ಕೂತ ಚಿತ್ರ ಹಿಂದಿನವರು ತೆಗೆಯಲು ಸಾಧ್ಯವೇ ಇರಲಿಲ್ಲ. ಪ್ಲಾಟ್‌ಫಾರಂ ಮೇಲೆ ನಿಂತು ತೆಗೆಯಿರಿ. ಹಳಿಗೆ ಇಳಿಯುವುದು, ಬಾಗಿಲಿಗೆ ಜೋತು ಬೀಳುವುದು ಬೇಡವೇ ಬೇಡ.

ಪಂಚದೇವ ಪಹಾಡಿನ ದಂಡೆಗೆ ಹೋದರೆ ಕುರುವಪುರಕ್ಕೆ ದೋಣಿ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಆ ನಡುಗಡ್ಡೆ ರಾಯಚೂರು ಜಿಲ್ಲೆಯದು, ನಾವು ಹತ್ತುವ ದಂಡೆ ತೆಲಂಗಾಣದ್ದು. ಗಡಿ ಎಂದರೆ ಏನೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ಇಲ್ಲಿ ಗಡಿ ಕಾಣುವುದೇ ಇಲ್ಲ. ನೀರು ಮಾತ್ರ ಕಾಣುತ್ತದೆ. ಅಲ್ಲಿ ನಾನು ತೆಗೆದ ಚಿತ್ರಗಳಲ್ಲಿ ಗುಡಿಯದು ಹತ್ತು ಹನ್ನೆರಡು, ಹೊಳೆಯದು ಇಪ್ಪತ್ತು. ಇಟ್ಟುಕೊಂಡದ್ದು ಒಂದೇ: ದಡ ಮುಟ್ಟಿದ ದೋಣಿಯಿಂದ ಇಳಿಯುವಾಗ ಸೊಸೆ ಅತ್ತೆಯ ರಟ್ಟೆ ಹಿಡಿದದ್ದು. ಇಬ್ಬರೂ ಎರಡು ತಿಂಗಳಿಂದ ಮಾತು ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. (ನಮ್ಮ ಬಳಗದವರೇ, ಹೆಸರು ಬೇಡ.)

ಕೃಷ್ಣಾ ಮಂಡಲದ ಮುಡುಮಾಲಿನ ನಿಲುವುಗಲ್ಲುಗಳ ಬಗ್ಗೆ ಈಗ ಎಲ್ಲರಿಗೂ ಗೊತ್ತು. 2025ರಲ್ಲಿ ಅವು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನವು, ಸೂರ್ಯನ ಚಲನೆ ನೋಡಿ ನಿಲ್ಲಿಸಿದ ಸಾಲುಗಳು ಇವು, ಒಂದು ಬಂಡೆಯ ಮೇಲಿನ ಕುಳಿಗಳಲ್ಲಿ ಸಪ್ತರ್ಷಿ ಮಂಡಲವೂ ಇದೆ ಎನ್ನುತ್ತಾರೆ ಸಂಶೋಧಕರು. ಆದರೆ ಸುತ್ತಲಿನ ಹೊಲದವರಿಗೆ ಅದು ಮೊದಲಿಂದಲೂ ನಮ್ಮ ಕಲ್ಲು, ಅದರಲ್ಲೊಂದಕ್ಕೆ ತಿಮ್ಮಪ್ಪನೆಂದು ಪೂಜೆಯೂ ಉಂಟು. ಹೊರಗಿನಿಂದ ಬರುವ ಕ್ಯಾಮೆರಾದವರು ಕಲ್ಲು ಮಾತ್ರ ತೆಗೆದುಕೊಂಡು ಹೋಗುತ್ತಾರೆ, ಮನುಷ್ಯರು ಅಡ್ಡ ಬಂದರೆ ‘ಸ್ವಲ್ಪ ಸರೀರಿ’ ಎನ್ನುತ್ತಾರೆ. ನಾವು ಸರಿಸಬಾರದು. ಸಂಜೆಯ ಉದ್ದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತ ಕೂಲಿಯವರು ಇದ್ದರೇನೇ ಆ ಕಲ್ಲು ಎಷ್ಟು ಎತ್ತರ ಎಂಬುದೂ ಗೊತ್ತಾಗುವುದು.

ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಗೋಡೆಯ ಮೇಲೆ ಕನ್ನಡ ವರ್ಣಮಾಲೆ, ಬೋರ್ಡಿನ ಮೇಲೆ ತೆಲಂಗಾಣ ಸರ್ಕಾರ. ಈ ಗೋಡೆಗೆ ಒಮ್ಮೆ ಸುಣ್ಣ ಬಳಿದರೆ ಮುಗಿಯಿತು. ನಿಮ್ಮ ಮಕ್ಕಳು ಓದುವ ಶಾಲೆ ಅದೇ ಆಗಿದ್ದರೆ ನಾಳೆಯೇ ಒಂದು ಚಿತ್ರ ತೆಗೆದಿಡಿ.

ಗದ್ವಾಲ ಒಂದು ಕಾಲಕ್ಕೆ ರಾಯಚೂರು ಜಿಲ್ಲೆ

ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ಎರಡೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಹೋಯಿತು, ಈ ಎರಡು ತಾಲ್ಲೂಕು ಆಂಧ್ರಕ್ಕೆ. ಕಚೇರಿ ಆ ಕಡೆ, ಬೀಗರು ಈ ಕಡೆ. ಹೀಗಾಗಿ ಗದ್ವಾಲದ ಹಳೆಯ ಮನೆಗಳ ಫೋಟೊ ಹುಡುಕುವವರು ರಾಯಚೂರಿನ ಸಂಬಂಧಿಕರ ಟ್ರಂಕುಗಳನ್ನೂ ತೆರೆಸಬೇಕು. ಸಿಕ್ಕ ಫೋಟೊವನ್ನು ಕಿಟಕಿಯ ಬಳಿ, ಬಿಸಿಲು ನೇರವಾಗಿ ಬೀಳದ ಕಡೆ ಸಮತಟ್ಟಾಗಿ ಇಟ್ಟು ಮೊಬೈಲಿನಲ್ಲೇ ತೆಗೆದುಕೊಳ್ಳಬಹುದು. ಗಾಜಿಗೆ ಅಂಟಿದ್ದನ್ನು ಮಾತ್ರ ಕೀಳಬೇಡಿ, ಮುಖವೇ ಎದ್ದು ಬರುತ್ತದೆ.

ಗದ್ವಾಲ ಕೋಟೆ ಸೋಮನಾದ್ರಿ ಕಟ್ಟಿಸಿದ್ದು. ಒಳಗೆ ಚೆನ್ನಕೇಶವನ ಗುಡಿ, ಪಕ್ಕದಲ್ಲೇ ಮಹಾರಾಣಿ ಆದಿಲಕ್ಷ್ಮಿ ದೇವಮ್ಮ ಹೆಸರಿನ ಸರ್ಕಾರಿ ಕಾಲೇಜು. ಕೋಟೆ ಗೋಡೆಗೆ ಒರಗಿ ಪರೀಕ್ಷೆಗೆ ಓದುವ ಹುಡುಗಿಯರು ಸಿಕ್ಕರೆ, ಅವರು ಒಪ್ಪಿದರೆ, ಬೇರೆ ಚಿತ್ರ ಬೇಕಿಲ್ಲ. ಗದ್ವಾಲ ಸೀರೆಯ ಮೈ ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೂಡಿಸುವ ಬೆರಳನ್ನು ಹತ್ತಿರದಿಂದ ತೆಗೆಯಬೇಕು. ತಿರುಮಲದ ಬ್ರಹ್ಮೋತ್ಸವಕ್ಕೆ ಸಲ್ಲುವ ಜೋಡು ಪಂಚೆಯನ್ನೂ ಇಲ್ಲಿನ ನೇಕಾರರೇ ವ್ರತ ಹಿಡಿದು ನೇಯುತ್ತಾರೆ. ಅಲ್ಲಿ ಮಾತ್ರ ಕೇಳದೆ ಕ್ಯಾಮೆರಾ ತೆಗೆಯಬೇಡಿ.

ಮಕ್ತಲ್ ಕಡೆಯಿಂದ ಗದ್ವಾಲಕ್ಕೆ ಬರುವಾಗ ಜೂರಾಲ ಸಿಗುತ್ತದೆ. ಗೇಟು ತೆರೆದ ದಿನ ಜನವೋ ಜನ, ಎಲ್ಲರ ಬೆನ್ನೂ ನೀರಿಗೆ, ಮುಖ ಮೊಬೈಲಿಗೆ. ಗೇಟು ಮುಚ್ಚಿದ ದಿನ ಹೋಗಿ. ಬಲೆ ಹೊಲಿಯುವವರು ಆಗ ಬಿಡುವಾಗಿ ಮಾತಿಗೆ ಸಿಗುತ್ತಾರೆ.

ಕೇಳಿ ತೆಗೆಯಿರಿ, ಬರೆದಿಡಿ

ಕೇಳಿದರೆ ಸಹಜತೆ ಹೋಗುತ್ತದೆ ಎನ್ನುವವರಿದ್ದಾರೆ. ನನ್ನ ಅನುಭವ ಬೇರೆ. ನಾರಾಯಣಪೇಟೆ ಸಂತೆಯಲ್ಲಿ ತೊಗರಿ ಕೇರುತ್ತಿದ್ದ ಒಬ್ಬ ಅವ್ವನನ್ನು ‘ಫೋಟೊ ತೆಗೀಲೇನ್ರಿ ಅವ್ವಾ?’ ಎಂದು ಕೇಳಿದೆ. ‘ತೆಗಿ ಯಪ್ಪಾ, ತಡಿ ಸೆರಗ ಸರಿ ಮಾಡ್ಕೋತೀನಿ’ ಎಂದರು. ಸರಿ ಮಾಡಿಕೊಂಡು ಬಿಗಿಯಾಗಿ ಕೂತ ಮೇಲೆ ತೆಗೆದದ್ದು ಆಧಾರ್ ಕಾರ್ಡಿನ ಫೋಟೊದಂತೆ ಬಂತು. ‘ಆತ್ರಿ’ ಎಂದ ಕೂಡಲೇ ಉಸ್ಸಪ್ಪಾ ಎಂದು ನಕ್ಕು ಮೊರ ಎತ್ತಿದರಲ್ಲ, ಆಗ ಇನ್ನೊಂದು ತೆಗೆದೆ. ಎರಡನ್ನೂ ತೋರಿಸಿದೆ. ಎರಡನೆಯದನ್ನು ನೋಡಿ ‘ಇದು ನಾನಾ’ ಎಂದರು. ಬೇಡ ಎಂದಿದ್ದರೆ ಅಳಿಸುತ್ತಿದ್ದೆ. ಮರುವಾರ ಪ್ರಿಂಟ್ ಒಯ್ದು ಕೊಟ್ಟೆ. ಅದಾದ ಮೇಲೆ ಆ ಸಾಲಿನಲ್ಲಿ ಎಲ್ಲರೂ ನನಗೆ ಪರಿಚಯ.

ನಮ್ಮವರೇ ಆದ ಟಿ.ಎಸ್. ಸತ್ಯನ್ ಇದೇ ದಾರಿಯವರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ, 1977ರಲ್ಲಿ ಪದ್ಮಶ್ರೀ ಪಡೆದ ಈ ಪತ್ರಿಕಾ ಛಾಯಾಗ್ರಾಹಕರು ಸಿಡುಬು ನಿರ್ಮೂಲನೆಯಂಥ ದೊಡ್ಡ ಕೆಲಸವನ್ನೂ ಚಿತ್ರಿಸಿದರು. ಆದರೆ ಕನ್ನಡಿಗರ ಮನಸ್ಸಿನಲ್ಲಿ ನಿಂತದ್ದು ಬೀದಿಯಲ್ಲಿ ಆಡುವ ಮಕ್ಕಳು, ಶಾಲೆ, ಮನೆಯಂಗಳ, ದಿನದ ಬದುಕು.

ಇನ್ನೊಂದು ಮಾತು. ತೆಗೆದದ್ದೆಲ್ಲ ಮೊಬೈಲಿನಲ್ಲೇ ಉಳಿದರೆ, ಮೊಬೈಲ್ ಹೊಳೆಗೆ ಬಿದ್ದ ದಿನ ಎಲ್ಲ ಹೋಯಿತು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ವರ್ಷಕ್ಕೆ ಇಪ್ಪತ್ತೇ ಆಗಲಿ, ಪ್ರಿಂಟ್ ಹಾಕಿಸಿ. ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ತಾರೀಖು ಬರೆಯಿರಿ, ಕನ್ನಡದಲ್ಲಿ. ನಮ್ಮ ಟ್ರಂಕಿನಲ್ಲಿ ಸಿಕ್ಕ ಫೋಟೊಗಳಲ್ಲಿ ಆರೇಳು ಜನ ಯಾರೆಂದು ಮಾಮಾಗೂ ಗೊತ್ತಿಲ್ಲ. ಗೊತ್ತಿದ್ದ ಅಜ್ಜಿ ಈಗಿಲ್ಲ.

ಇನ್ನು ಆ ಪ್ರಾಜೆಕ್ಟ್ ಏನಾಯಿತು? ಹುಡುಗಿ ಅಪ್ಪನ ಕೈಲಿ ಅಕ್ಕಿ ಚೀಲ ಸರಿಸಿಸಿ, ಹಲಗೆ ಎತ್ತಿಸಿದಳು. ಮಗ್ಗದ ಗುಂಡಿ ಹಾಗೇ ಇತ್ತು, ಅಜ್ಜ ಕಾಲಿಟ್ಟು ಕಾಲಿಟ್ಟು ನುಣುಪಾದ ಅಂಚಿನ ಸಮೇತ. ಮಾಮಾ ತಾನಾಗಿಯೇ ಇಳಿದು ಕೂತ. ಎಪ್ಪತ್ತೆರಡು ವರ್ಷ, ಮಂಡಿ ನೋವು ಬೇರೆ. ಇಲ್ಲದ ಲಾಳಿಯನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಎಸೆದು ತೋರಿಸಿದ. ಕಿಟಕಿಯ ಬೆಳಕು ಹಳೆಯ ಜಾಗಕ್ಕೇ ಬೀಳುತ್ತಿತ್ತು. ಅವಳು ಒಂಬತ್ತು ಫೋಟೊ ತೆಗೆದಳು. ಅತ್ತಿ ಬಾಗಿಲಲ್ಲಿ ನಿಂತು ‘ಮೊದ್ಲ ಆ ಅಕ್ಕಿ ಚೀಲ ಕಾಣದಂಗ ಸರಸ್ರಿ’ ಎಂದು ಕೂಗಿದರೂ ಹುಡುಗಿ ಕೇಳಲಿಲ್ಲ. ಚೀಲವೂ ಫೋಟೊದಲ್ಲಿದೆ.