ಗಜೇಂದ್ರಗಡದ ಗಾಳಿಗೆ ಬೆಲೆ ಬಂದ ದಾರಿ

ಆಷಾಢದಲ್ಲಿ ಗಜೇಂದ್ರಗಡದ ಗುಡ್ಡ ಹತ್ತಿದರೆ ಕಾಲೂರಿ ನಿಲ್ಲುವುದೇ ಕಷ್ಟ. ಪಡುವಣ ಘಟ್ಟ ಮಳೆಯನ್ನು ತನ್ನಲ್ಲೇ ಇಳಿಸಿಕೊಂಡು ಗಾಳಿಯನ್ನಷ್ಟೇ ಈ ಕಡೆ ಬಿಡುತ್ತದೆ. ಮೋಡ ಹಾರಿಸಿಕೊಂಡು ಹೋಗುವ ಆ ಗಾಳಿಯನ್ನು ರೋಣ, ನರಗುಂದದ ಎರಿ ಹೊಲದ ರೈತರು ಬೈದುಕೊಂಡೇ ಬಂದವರು. ಅದೇ ಗಾಳಿಗೆ ಈಗ ಯೂನಿಟ್ ಲೆಕ್ಕದಲ್ಲಿ ಬೆಲೆಯಿದೆ. ಊರವರು ‘ಫ್ಯಾನು’ ಎನ್ನುವ ಗಾಳಿಯಂತ್ರಗಳು ಗುಡ್ಡದ ನೆತ್ತಿಯಿಂದ ಜೋಳ, ಕಡ್ಲಿಯ ಹೊಲಗಳಿಗೂ ಇಳಿದಿವೆ.

ಅವು ಇಲ್ಲಿಗೆ ಬಂದ ಕತೆ ದೂರದಿಂದ ಶುರುವಾಗುತ್ತದೆ. 1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ನಡೆದಾಗ, ಆತಿಥೇಯ ಸ್ವೀಡನ್ನಿನ ಓಲೋಫ್ ಪಾಲ್ಮೆ ಅವರನ್ನು ಬಿಟ್ಟರೆ ಅಲ್ಲಿದ್ದ ಒಬ್ಬರೇ ಪ್ರಧಾನಿ ಇಂದಿರಾ ಗಾಂಧಿ. ಬಡವರ ಹೊಟ್ಟೆಯ ಚಿಂತೆ ಬಿಟ್ಟು ಪರಿಸರದ ಮಾತಾಡಲಾಗದು ಎಂದು ಅವರು ಅಲ್ಲಿ ವಾದಿಸಿದರು. ಮುಂದೆ ದಶಕಗಳ ಕಾಲ ಭಾರತದ ನಿಲುವು ಅದರ ಮೇಲೆಯೇ ನಿಂತಿತು: ಹೊಗೆ ಎಬ್ಬಿಸಿ ಶ್ರೀಮಂತರಾದವರು ಮೊದಲು ಹೊಣೆ ಹೊರಲಿ. ಆ ವಾದ ಆಗಲೂ ಸರಿ, ಈಗಲೂ ಸರಿ.

ಜೊತೆಗೆ ಮನೆಯೊಳಗಿನ ಕೆಲಸವೂ ಸಾಗಿತ್ತು. 1982ರಲ್ಲಿ ಅಸಾಂಪ್ರದಾಯಿಕ ಇಂಧನಕ್ಕೆ ಪ್ರತ್ಯೇಕ ಇಲಾಖೆ ಬಂತು. ಹತ್ತು ವರ್ಷಕ್ಕೆ ಅದೇ ಸಚಿವಾಲಯವಾಯಿತು. 1996ರಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನಕ್ಕೆಂದೇ ಕ್ರೆಡಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಕ್ಯೋಟೊ ಒಪ್ಪಂದ 2005ರಲ್ಲಿ ಜಾರಿಯಾದ ಮೇಲೆ, ಇಲ್ಲಿ ಉಳಿಸಿದ ಇಂಗಾಲವನ್ನು ಶ್ರೀಮಂತ ದೇಶಗಳು ಕೊಳ್ಳುವ ವ್ಯವಸ್ಥೆ ಬಂತು. ಕರ್ನಾಟಕದ ಗಾಳಿ ವಿದ್ಯುತ್ ಯೋಜನೆಗಳೂ ಅದರಲ್ಲಿ ನೋಂದಾಯಿಸಿಕೊಂಡವು.

ಕೇಳುವ ದೇಶ ಕರೆಯುವ ದೇಶವಾದದ್ದು 2015ರ ನವೆಂಬರ್ 30ರಂದು, ಪ್ಯಾರಿಸ್‌ನಲ್ಲಿ. ಅಂದು ಭಾರತ ಫ್ರಾನ್ಸ್ ಜೊತೆಗೂಡಿ ಅಂತಾರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿತು. ಅದರ ಕೇಂದ್ರ ಕಚೇರಿ ಗುರುಗ್ರಾಮದಲ್ಲಿದೆ, ನೂರಕ್ಕೂ ಹೆಚ್ಚು ದೇಶಗಳು ಸದಸ್ಯರಾಗಿವೆ. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಶೇ 40ರಷ್ಟು ಕಲ್ಲಿದ್ದಲು, ತೈಲ, ಅನಿಲಗಳ ಹೊರತಾದ ಮೂಲಗಳದ್ದಾಗಿರುತ್ತದೆ ಎಂದು ಕೊಟ್ಟ ಮಾತು 2021ರಲ್ಲೇ ಈಡೇರಿತು. ಆಮೇಲೆ ಶೇ 50ರ ಗುರಿ. ಅದನ್ನೂ 2025ರಲ್ಲಿ ಮುಟ್ಟಿದ್ದೇವೆ. ಇದು ಸಾಮರ್ಥ್ಯದ ಲೆಕ್ಕ, ನಿಜ. ಉರಿಯುವ ದೀಪಗಳಲ್ಲಿ ಹೆಚ್ಚಿನವು ಇನ್ನೂ ಕಲ್ಲಿದ್ದಲಿನವೇ. ಆದರೂ ಸಣ್ಣ ಸಾಧನೆಯಲ್ಲ, ಅದರಲ್ಲಿ ಗದಗ ಸೀಮೆಯ ಗಾಳಿಯ ಪಾಲಿದೆ.

2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳ ನೆರವಿಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್‌ನ ಗುರಿಗೆ ಒಪ್ಪಿದಾಗ, ಇದು ಸಾಲದು ಎಂದು ಭಾರತ ಗಟ್ಟಿ ದನಿಯಲ್ಲಿ ಆಕ್ಷೇಪಿಸಿತು. ನನಗೆ ಹೆಮ್ಮೆಯಾಯಿತು. ರೋಣದ ಕೂಲಿಯವರು, ಕುರಿಗಾಹಿಗಳು ‘ಲಾಭ ಪಡೆದವರು ಹೊಣೆ ಹೊರಲಿ’ ಎಂಬ ಇದೇ ವಾದವನ್ನು ನಮ್ಮ ಮುಂದಿಟ್ಟರೆ ಅದೂ ಅಷ್ಟೇ ನ್ಯಾಯವಾದದ್ದು. ಏಕೆಂಬುದಕ್ಕೆ ಪಾವಗಡವನ್ನೇ ನೋಡಿ: ಅಲ್ಲಿ 13 ಸಾವಿರ ಎಕರೆಯ ಸೋಲಾರ್ ಪಾರ್ಕಿಗೆ ಜಮೀನು ಕೊಳ್ಳದೆ ಗುತ್ತಿಗೆಗೆ ಪಡೆದರು. ಹೊಲವಿದ್ದವರಿಗೆ ವರ್ಷವರ್ಷ ಬಾಡಿಗೆ ಬಂತು, ಹೊಲವಿಲ್ಲದವರಿಗೆ ಕಳೆ ತೆಗೆಯುವ ಕೂಲಿಯೂ ಹೋಯಿತು.

ನರಗುಂದ ಇಂಥದ್ದನ್ನು ಸುಮ್ಮನೆ ನುಂಗುವ ಊರಲ್ಲ. ಮಲಪ್ರಭಾ ನೀರು ಸರಿಯಾಗಿ ಮುಟ್ಟುವ ಮೊದಲೇ ಕರ ವಸೂಲಿಗಿಳಿದ ಸರ್ಕಾರದ ವಿರುದ್ಧ 1980ರ ಜುಲೈ 21ರಂದು ಇಲ್ಲಿನ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು, ಚಳವಳಿ ರಾಜ್ಯವನ್ನೇ ವ್ಯಾಪಿಸಿತು. ಫ್ಯಾನು, ಸೋಲಾರ್‌ಗೆಂದು ಹೊಲ ಕೇಳಿ ಬರುವವರು ಕರಾರು ಪತ್ರವನ್ನು ಕನ್ನಡದಲ್ಲಿ ತರಲಿ, ಸಹಿಗೆ ಮೊದಲು ಗ್ರಾಮಸಭೆಯಲ್ಲಿ ಓದಲಿ. ಕೂಲಿಯವರ ಪಾಲು, ಕುರಿ ಮೇಯುವ ದಾರಿ ಎರಡೂ ಅದರಲ್ಲಿ ಬರೆದಿರಲಿ.